ಯಾರೂ ಕೂಗದೆ ಓಗೊಟ್ಟವರು

ಅವರು ಬೋರ್ಡಿನ ನಡುವಿನಿಂದ ಬರೆಯಲು ಶುರು ಮಾಡುತ್ತಿದ್ದರು. ಎಡಭಾಗ ಪೂರ್ತಿ ಖಾಲಿ. ಬಲಭಾಗದಲ್ಲಿ ಸಂದುಗೊಂದು ಬಿಡದಂತೆ ಸೂತ್ರಗಳು. ಕುಷ್ಟಗಿಯ ನಮ್ಮ ಕಾಲೇಜಿನಲ್ಲಿ ಅವರು ಫಿಸಿಕ್ಸ್, ನಾನು ಇತಿಹಾಸ. ಕೋಣೆಗಳು ಕಡಿಮೆ, ಹಾಗಾಗಿ ಅವರ ಸೈನ್ಸ್ ಮಕ್ಕಳು ಎದ್ದುಹೋದ ಕೋಣೆಗೇ ನನ್ನ ಆರ್ಟ್ಸ್ ಮಕ್ಕಳು ಬಂದು ಕೂರುತ್ತಿದ್ದರು. ಅವರು ಬೋರ್ಡು ಒರೆಸಿ ಹೋದವರಲ್ಲ, ನಾನು ಒರೆಸುವ ಜಾತಿಯವನೂ ಅಲ್ಲ. ಎಡಗಡೆ ಉಳಿದ ಜಾಗದಲ್ಲೇ ನನ್ನ ರಾಜರ ಹೆಸರು ಬರೆದು ಪಾಠ ಮುಗಿಸಿಬಿಡುತ್ತಿದ್ದೆ. ಹೀಗೆ ಎಷ್ಟೋ ವರ್ಷ ಒಂದೇ ಬೋರ್ಡನ್ನು ನಾವಿಬ್ಬರೂ ಹಂಚಿಕೊಂಡೆವು.

ಒಮ್ಮೆ ತಪಾಸಣೆಗೆಂದು ದೊಡ್ಡ ಸಾಹೇಬರೊಬ್ಬರು ಬಂದಿದ್ದರು. ಇವರ ಕ್ಲಾಸಿನಲ್ಲಿ ಹಿಂದೆ ಕುಳಿತು ನೋಡಿ ಕೇಳಿದರಂತೆ, "ಅರ್ಧ ಬೋರ್ಡು ಯಾಕ್ರಿ ಖಾಲಿ ಬಿಟ್ಟೀರಿ?"

"ಅಲ್ಲಿ ಏನೈತಿ ಅಂತ ನನಗ ಗೊತ್ತಿಲ್ರಿ," ಅಂದರಂತೆ ಇವರು.

ಸಾಹೇಬರಿಗೆ ಅದು ಉದ್ಧಟತನವಾಗಿ ಕಂಡಿತು. ಪ್ರಿನ್ಸಿಪಾಲರಿಗೆ ಸಮಜಾಯಿಷಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಅಸಲಿಗೆ ಅದು ಅವರ ಮಟ್ಟಿಗೆ ಶುದ್ಧ ಪ್ರಾಮಾಣಿಕ ಉತ್ತರ. ಅವತ್ತು ಅವರು ಕಾಲದ ಗೆರೆ ಎಳೆದಿದ್ದರು. ಗೆರೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಮುಗಿದ ಕೈಗಳ ಸಾಲು ಬಂತು. ನಡುವೆ ಯಾರೋ ಇನ್ನೊಬ್ಬರ ಹುಟ್ಟುಹಬ್ಬದ ಕೇಕು ಹಾಕಿದರು, ಅದರ ಕೆಳಗೆ ಮತ್ತೆ ಮುಗಿದ ಕೈಗಳು. ನನಗೆ ಸಿಟ್ಟು ಬಂದು ಫೋನು ಕವುಚಿ ಇಟ್ಟೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಗೊತ್ತಿದ್ದವರು "ಓ ಅವ್ರೇನು" ಎಂದು ಮುಂದಕ್ಕೆ ಓದುವುದನ್ನೇ ಬಿಟ್ಟುಬಿಡುತ್ತಾರೆ.

ನಾನು ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಅವರೇ. ನನಗಿಂತ ಒಂಬತ್ತೋ ಹತ್ತೋ ವರ್ಷ ದೊಡ್ಡವರು. ತೆಳ್ಳಗೆ, ಉದ್ದಕ್ಕೆ, ಕಿವಿಯ ಮೇಲೆ ಒಂದು ತುಂಡು ಸೀಮೆಸುಣ್ಣ. ಬಡಗಿಗಳು ಪೆನ್ಸಿಲ್ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

"ಇತಿಹಾಸದವ್ರೇನ್ರಿ? ಛಲೋ ಆತು. ನಿಮ್ಮ ಇತಿಹಾಸ ಎಷ್ಟು ಹಿಂದ ಹೋಗತೈತ್ರಿ?"

ಕೊಪ್ಪಳದವನಾದ ನಾನು ನಮ್ಮೂರ ಗುಡ್ಡದ ಮೇಲಿನ ಶಾಸನಗಳ ಹೆಮ್ಮೆಯಿಂದ, "ಎರಡು ಸಾವಿರ ವರ್ಷದ ಮ್ಯಾಲ ಹೋಗತೈತ್ರಿ ಸರ್," ಅಂದೆ.

"ಅದರ ಹಿಂದ?"

"ಗಂಗಾವತಿ ಕಡೆ ಮೋರೇರ ಗುಡ್ಡ ಐತಲ್ರಿ. ಆ ಕಲ್ಲಿನ ಮನಿ ಅದಕ್ಕೂ ಹಳೇವು."

"ಅದರ ಹಿಂದ?"

"ಅದರ ಹಿಂದಿಂದು ನಿಮ್ಮ ಡಿಪಾರ್ಟ್‌ಮೆಂಟ್ ರಿ," ಅಂದೆ ತಾಳ್ಮೆ ತಪ್ಪಿ.

ಅವರು ಜೋರಾಗಿ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕಿದ್ದನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ಅವತ್ತಿನಿಂದ ಅವರು ಚಹಾಕ್ಕೆ ಎದ್ದಾಗಲೆಲ್ಲ ನನ್ನ ಮೇಜಿನ ಮೇಲೆ ಬೆರಳಿಂದ ಎರಡು ಸಲ ತಟ್ಟಿ ಹೋಗುತ್ತಿದ್ದರು. ಹಿಂದೆ ಬಾ ಎಂದು ಅರ್ಥ.

ಅವರಿಗೆ ಮದುವೆಯಾಗಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಖೋಲಿ, ರೊಟ್ಟಿ ತಾವೇ ಬಡಿಯುತ್ತಿದ್ದರು. ಒಳ್ಳೆಯ ನೌಕರಿ, ಒಳ್ಳೆಯ ಗುಣ, ಹೆಣ್ಣು ಕೊಡುವವರು ಏನು ಕಡಿಮೆಯೇ? ಹಳಬರು ಹೇಳುತ್ತಿದ್ದರು, ಯಾರೇ ಪ್ರಸ್ತಾಪ ತಂದರೂ ಅವರದು ಒಂದೇ ಮಾತು. "ದೊಡ್ಡವಂದು ಆಗಲಿ ಮೊದಲ." ಅಣ್ಣನದಾಗದೆ ತಮ್ಮನದು ಮಾಡುವುದಿಲ್ಲ ಎನ್ನುವುದು ನಮ್ಮ ಕಡೆ ಇದ್ದದ್ದೇ. ಆದರೆ ಆ ಅಣ್ಣನನ್ನು ಕುಷ್ಟಗಿಯಲ್ಲಿ ಕಂಡವರು ಯಾರೂ ಇರಲಿಲ್ಲ. ಕ್ರಮೇಣ ಕೇಳುವವರೂ ಕೇಳುವುದನ್ನು ಬಿಟ್ಟರು.

ಇನ್ನೊಂದು ವಿಚಿತ್ರವಿತ್ತು. ಅವರನ್ನು ಯಾರೂ ಅಣ್ಣ ಎನ್ನುವಂತಿರಲಿಲ್ಲ. ನಮ್ಮಲ್ಲಿ ಬಸ್ಸಿನ ಕಂಡಕ್ಟರಿನಿಂದ ಹಿಡಿದು ಮೆಣಸಿನಕಾಯಿ ಬಜ್ಜಿ ಕರಿಯುವವನವರೆಗೆ ಎಲ್ಲರೂ ಎಲ್ಲರಿಗೂ ಅಣ್ಣನೇ. ಚಹಾದಂಗಡಿಯವನು "ಅಣ್ಣಾರ, ಚಾ?" ಅಂದರೆ ಇವರು ಮೆತ್ತಗೆ, ಆದರೆ ಬಿಡದೆ, "ಅಣ್ಣಾರ ಅನಬ್ಯಾಡಪಾ, ಸರ್ ಅನ್ನು," ಎಂದು ತಿದ್ದುತ್ತಿದ್ದರು. ಲೆಕ್ಚರರ್ ಅನ್ನುವ ಜಂಭ ಇಷ್ಟಿರಬೇಕೇ ಎಂದು ನಾನೇ ಒಳಗೊಳಗೆ ಆಡಿಕೊಂಡಿದ್ದೆ.

ಪಾಠ ಮಾತ್ರ ಬೇರೆಯೇ. ಒಂದು ದಿನ ಹೊರಗೆ ವರಾಂಡದಲ್ಲಿ ನಿಂತು ಕೇಳಿಸಿಕೊಂಡೆ. ಮಕ್ಕಳು ಏನೋ ಕೇಳಿದ್ದರು. ಈ ಭೂಮಿ, ಈ ಸೂರ್ಯ, ಈ ಗಾಳಿ ನೀರು ಎಲ್ಲವೂ ನಮಗೆ ಸರಿಯಾಗಿ ಹೊಂದುವಂತೆ ಹೇಗೆ ಬಂತು ಸರ್, ಯಾರೋ ಅಳತೆ ತಗೊಂಡು ಹೊಲಿದ ಅಂಗಿಯ ಹಾಗೆ ಇದೆಯಲ್ಲ ಎಂದು.

"ಇಲ್ಲಿಂದ ದಾಳಿಂಬರಿ ತ್ವಾಟಕ್ಕ ಹೋಗ್ರಿ," ಅಂದರು ಅವರು. "ಅಲ್ಲಿ ಮಾಲಿನ್ನ ಕೇಳ್ರಿ, ನಿಮ್ಮ ಬೋರಿಗೆ ನೀರು ಬಿತ್ತೇನಪಾ ಅಂತ. ಬಿತ್ತು ಅಂತಾನ. ಬಾಜು ತ್ವಾಟಕ್ಕ ಹೋಗ್ರಿ. ಅವನೂ ಬಿತ್ತು ಅಂತಾನ. ಹಂಗಾರ ಕುಷ್ಟಗಿ ಸೀಮಿಯೊಳಗ ಎಲ್ಲಿ ಕೊರದ್ರೂ ನೀರು ಬೀಳತೈತಿ ಅಂದಂಗಾತೇನು?"

ಮಕ್ಕಳು ನಕ್ಕರು. ಎಲ್ಲರ ಮನೆಯಲ್ಲೂ ಒಣ ಕೊಳವೆಬಾವಿಯ ಕಥೆ ಒಂದಾದರೂ ಇರುತ್ತದೆ.

"ನೀರು ಬೀಳದ ಜಾಗಾದಾಗ ತ್ವಾಟಾ ಇಲ್ಲ. ತ್ವಾಟಾ ಇಲ್ಲದ ಜಾಗಾದಾಗ ಮಾಲಿ ಇಲ್ಲ. ಅಲ್ಲಿ ನೀವು ಯಾರನ್ನ ಕೇಳ್ತೀರಿ? ನಾವೂ ಹಂಗ. ನಾವು ಇರಾಕ ಆಗೂವಂಥಾ ಜಾಗಾದಾಗ ನಿಂತು, ಎಲ್ಲಾ ನಮಗ ಹೊಂದೂ ಹಂಗ ಐತಲ್ಲಾ ಅಂತೀವಿ. ಹೊಂದದ ಜಾಗಾದಾಗ ಅದನ್ನ ಕೇಳಾಕ ಯಾರೂ ಇಲ್ಲ. ಹಂಗಂತ ಹೊಂದೈತಿ ಅನ್ನೂದು ಸುಳ್ಳಲ್ಲ. ನಾವು ಎಲ್ಲಿ ನಿಂತು ಕೇಳಾಕತ್ತೀವಿ ಅನ್ನೂದನ್ನ ಮರೀಬಾರ್ದು, ಅಷ್ಟ."

ಕೇಳುವವನು ನಿಂತ ಜಾಗವನ್ನು ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ಇತಿಹಾಸದವನಾದ ನನಗೂ ಬೇಕಾದ ಮಾತೇ. ಉಳಿದ ಕಲ್ಲನ್ನು ಓದಿ, ಉಳಿಯದೆ ಹೋದದ್ದನ್ನು ಮರೆಯುವವರು ನಾವು. ಅವತ್ತು ನಾನು ಕ್ಲಾಸಿಗೆ ಹೋದಾಗ ರಾಜರ ಹೆಸರು ಬರೆಯಲು ಕೈ ಸ್ವಲ್ಪ ಹಿಂಜರಿಯಿತು.

ಸಂಜೆ ಹೊತ್ತು ಅವರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ನಾಲ್ಕೂ ದಿಕ್ಕಿನ ಬಸ್ಸು ಬಂದು ಹೋಗುವ ಕೂಡುದಾರಿ ಕುಷ್ಟಗಿ. ಹೆಗಲ ಮೇಲಿನ ಟವೆಲನ್ನು ತೆಗೆದು ಪಕ್ಕದಲ್ಲಿ ಹಾಸುತ್ತಿದ್ದರು. ನಮ್ಮವರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಆ ರೀತಿ. ನಾನು ಹೋದರೂ ಟವೆಲ್ ಎತ್ತುತ್ತಿರಲಿಲ್ಲ, ಇನ್ನೊಂದು ಬದಿಗೆ ಕೂರಿಸಿಕೊಳ್ಳುತ್ತಿದ್ದರು. ಗೋವಾ ಕಡೆಯ ಬಸ್ಸು ಬಂದು ಜನ ಇಳಿದು ಮುಗಿಯುವವರೆಗೂ ಮಾತು ನಿಲ್ಲುತ್ತಿತ್ತು. ಆಮೇಲೆ ಟವೆಲ್ ಮತ್ತೆ ಹೆಗಲಿಗೆ ಏರುತ್ತಿತ್ತು. ಅಲ್ಲಿಯೇ ಒಂದು ಸಂಜೆ ಅವರು ತಮ್ಮ ದೊಡ್ಡ ವಾದವನ್ನು ನನ್ನ ಮುಂದೆ ಬಿಚ್ಚಿದರು.

"ಈ ಜಗತ್ತಿಗೆ ಸುರುವು ಐತೋ ಇಲ್ಲೋ ಅಂತ ಭಾಳ ದೊಡ್ಡೋರೆಲ್ಲಾ ಬಡದಾಡ್ಯಾರ್ರಿ. ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷದ ಹಿಂದ ಎಲ್ಲಾ ಸಿಡೀತು ಅಂತ ಪುಸ್ತಕದಾಗ ಬರದಾರ. ಅದರ ಹಿಂದ ಏನಾರ ಇತ್ತೋ, ಅದು ಯಾವಾಗಿಂದ್ಲೋ ಇದ್ದದ್ದೋ, ಅದು ಯಾರಿಗೂ ಗೊತ್ತಿಲ್ಲ. ನಾ ಒಂದು ದಾರಿ ಹಿಡದೀನಿ ನೋಡ್ರಿ. ಈ ಬಸ್ ಸ್ಟ್ಯಾಂಡ ತಗೋರಿ. ಇದಕ್ಕ ಸುರುವ ಇಲ್ಲ, ಯಾವಾಗಿಂದ್ಲೂ ಐತಿ ಅಂದುಕೋರಿ. ಹಂಗಾರ ಎಲ್ಲೆಲ್ಲಿಂದ ಬಸ್ಸು ಬರಾಕ ಆಗತೈತೋ ಅಲ್ಲಿಂದೆಲ್ಲಾ ಇಷ್ಟೊತ್ತಿಗೆ ಒಮ್ಮ್ಯಾರ ಬಂದಿರಬೇಕು. ಲಕ್ಷ ವರ್ಷಕ್ಕೊಮ್ಮೆ ಬರೂ ಬಸ್ಸೂ ಬಂದಿರಬೇಕು. ಹೌದಿಲ್ಲೋ?"

"ಹೌದ್ರಿ."

"ಈ ಆಕಾಶ ನೋಡ್ರಿ. ಕಾಲಕ್ಕ ಸುರುವ ಇಲ್ಲ ಅಂದ್ರ ನಮ್ಮಂಥೋರು, ನಮಗಿಂತ ಶಾಣ್ಯಾರು, ಎಲ್ಲೆಲ್ಲೋ ಹುಟ್ಟಿ ಬೆಳದು ಎಂದೋ ಇಲ್ಲಿಗೆ ಬಂದು ಮುಟ್ಟಿರಬೇಕಿತ್ತು. ಬೇಕಾದಷ್ಟು ಟೈಮ್ ಇತ್ತಲ್ಲ. ಯಾರೂ ಬಂದಿಲ್ಲ. ಹಂಗಾರ ಈ ಸ್ಟ್ಯಾಂಡ ತಗದದ್ದ ಇತ್ತೀಚಿಗೆ. ಕಾಲಕ್ಕ ಒಂದು ಸುರು ಐತಿ. ಅದೂ ಭಾಳ ಹಿಂದ ಅಲ್ಲ."

ನಾನು ತಮಾಷೆಗೆ ಹೇಳಿದೆ, "ಅಂದ್ರ ಯಾರೂ ಬರದಿದ್ದದ್ದ ನಿಮಗ ಖುಷಿ ಅಂದಂಗಾತು."

ಅವರು ತಟ್ಟನೆ ನನ್ನ ಕಡೆ ತಿರುಗಿದರು. "ಖುಷಿನ ರೀ. ಇಷ್ಟು ದಿವಸಾತು, ಬರೋರಾಗಿದ್ರ ಬಂದಿರತಿದ್ರು ಅಂತ ಎಲ್ಲಾರೂ ಅಂತಾರ. ಎಷ್ಟು ದಿವಸಾತು? ಏನೂ ಆಗಿಲ್ಲ. ಈಗ ಸುರುವಾಗೇತಿ. ಬರೋರು ದಾರಿಯೊಳಗ ಇರಬಹುದು."

ಜಗತ್ತಿನ ಆರಂಭದ ಬಗ್ಗೆ ಮಾತಾಡುವವನ ದನಿ ಅದಾಗಿರಲಿಲ್ಲ. ಆದರೆ ಅವತ್ತು ನನಗೆ ಅಷ್ಟು ತಿಳಿಯಲಿಲ್ಲ.

ಮಕ್ಕಳನ್ನು ಕರೆದುಕೊಂಡು ಮೋರೇರ ಗುಡ್ಡಕ್ಕೆ ಹೋದಾಗಲೂ ಹಾಗೆಯೇ ಆಯಿತು. ನಾನು ಬೆವರು ಒರೆಸಿಕೊಳ್ಳುತ್ತ ಆ ಕಲ್ಲುಮನೆಗಳ ಕಾಲ, ಕಟ್ಟಿದ ರೀತಿ ಎಲ್ಲ ವಿವರಿಸುತ್ತಿದ್ದೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಮನೆಗಳು, ಗೋಡೆಯಲ್ಲಿ ಒಂದು ದುಂಡು ತೂತು. ಇವರು ಒಂದು ತೂತಿನ ಮುಂದೆ ಮೊಣಕಾಲೂರಿ ಕೂತು, ಒಳಗೆ ಮುಖ ಹಾಕಿ, "ಯಾರದೀರಿ ಒಳಗ?" ಎಂದು ಕೂಗಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಲ್ಲೊಂದು ನಗಾರಿಯಂಥ ದೊಡ್ಡ ಬಂಡೆ ಇದೆ, ಕಲ್ಲಿನಿಂದ ಹೊಡೆದರೆ ದೂರಕ್ಕೆ ಕೇಳಿಸುತ್ತದೆ. ಅದನ್ನು ಹೊಡೆದವರು ಮಕ್ಕಳು. ಸದ್ದು ಪೂರ್ತಿ ಆರಿಹೋಗುವವರೆಗೂ ತಲೆ ವಾರೆ ಮಾಡಿ ಕೇಳುತ್ತ ನಿಂತವರು ಇವರೊಬ್ಬರೇ. ಆ ಕಡೆಯಿಂದ ಯಾರಾದರೂ ತಿರುಗಿ ಹೊಡೆಯುತ್ತಾರೇನೋ ಎಂಬ ಹಾಗೆ ನಿಂತಿದ್ದರು.

ಎಳ್ಳಮವಾಸ್ಯೆಗೆ ಅವರು ತಪ್ಪದೆ ತಮ್ಮ ಹೊಲಕ್ಕೆ ಹೋಗುತ್ತಿದ್ದರು. ಯಲಬುರ್ಗಾ ತಾಲೂಕಿನ ಒಂದು ಸಣ್ಣ ಊರು, ಊರ ಹೊರಗೆ ಒಂದಿಷ್ಟು ಎರೆಹೊಲ. ಅದನ್ನು ಊರಿನ ಒಬ್ಬ ಪಾಲಿಗೆ ಮಾಡುತ್ತಿದ್ದ. ಒಂದು ವರ್ಷ ನಾನೂ ಹೋದೆ. ಹೆಂಡತಿ ತವರಿಗೆ ಹೋಗಿದ್ದಳು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಸಿಗುತ್ತದೆ ಎನ್ನುವ ಆಸೆ. ಸುಳ್ಳು ಯಾಕೆ ಹೇಳಲಿ.

ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆಯಾಯಿತು. ಆಮೇಲೆ ಚರಗ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ, ಹೊಲದ ಸುತ್ತ ನಡೆಯುತ್ತ ಭೂಮಿತಾಯಿಗೆ ಚೆಲ್ಲುವುದು. ಮನೆಯ ಹಿರಿಯ ಬುಟ್ಟಿ ಹಿಡಿದು ಮುಂದೆ ಚೆಲ್ಲುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತಾನೆ. ಹಿಂದೆ ಕಿರಿಯ ಚರಿಗೆಯಿಂದ ನೀರು ಹಾಕುತ್ತ "ಚಲ್ಲಂಬ್ರಿಗ್ಯೋ" ಎಂದು ಓಗೊಡುತ್ತಾನೆ. ಮುಂದಿನವನು ತಿರುಗಿ ನೋಡುವಂತಿಲ್ಲ. ಆ ಮಾತಿಗೆ ಅರ್ಥವೇನು ಎಂದು ನನ್ನನ್ನು ಕೇಳಬೇಡಿ, ಊರಿಂದೂರಿಗೆ ಅದು ಒಂದಿಷ್ಟು ಬದಲಾಗುತ್ತದೆ. ಅವತ್ತು ಸುತ್ತಲಿನ ಹೊಲಗಳಲ್ಲೆಲ್ಲ ಆ ಕೂಗು, ಆ ಓಗೊಡುವಿಕೆ ಕೇಳುತ್ತಿತ್ತು.

ಇವರ ಹೊಲದಲ್ಲಿ ಮಾತ್ರ ಬೇರೆ ಥರ. ಪಾಲಿನವನು ಬುಟ್ಟಿ ಹಿಡಿದು ಮುಂದೆ ನಡೆದ, ಚೆಲ್ಲಿದ, ಆದರೆ ತುಟಿ ಬಿಚ್ಚಲಿಲ್ಲ. ಹಿಂದೆ ಚರಿಗೆ ಹಿಡಿದ ನಮ್ಮ ಮೇಷ್ಟ್ರು ಒಂದು ಕ್ಷಣ ಕಾದರು. ಯಾರೋ ಕೂಗಿದ್ದನ್ನು ಕೇಳಿಸಿಕೊಂಡವರಂತೆ ತಲೆಯಾಡಿಸಿ, "ಚಲ್ಲಂಬ್ರಿಗ್ಯೋ" ಅಂದರು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಮೌನ, ಮತ್ತೆ ಓ.

ನನಗೆ ತಡೆಯಲಾಗಲಿಲ್ಲ. "ಸರ್, ಕೂಗೋರ ಇಲ್ಲಲ್ರಿ. ನಾ ಕೂಗ್ಲೇನು?"

"ಬ್ಯಾಡ್ರಿ," ಅಂದರು. "ಅದು ನಮ್ಮಣ್ಣಂದು."

ಊಟಕ್ಕೆ ಕೂತಾಗ ಪಾಲಿನವನು ನನಗೆ ತಗ್ಗಿದ ದನಿಯಲ್ಲಿ ಹೇಳಿದ. ತಂದೆ ತಾಯಿ ಬೇಗ ತೀರಿಕೊಂಡು, ಅಣ್ಣನೇ ಇವರನ್ನು ಸಾಕಿದ್ದು. ಕುಷ್ಟಗಿ ಹಾಸ್ಟೆಲ್ಲಿಗೆ ಸೇರಿಸಿ, ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಕೊಡಿಸಿ, "ಎಳ್ಳಮವಾಸಿಗೆ ಬರ್ತೀನಿ, ಕೂಡೇ ಚರಗಾ ಚೆಲ್ಲೂಣು," ಎಂದು ಹೇಳಿ ಗೋವಾಕ್ಕೆ ದುಡಿಯಲು ಹೋದ. ಮೊದಮೊದಲು ಊರವರ ಕೈಯಲ್ಲಿ ಸುದ್ದಿ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಸತ್ತ ಎಂದು ಹೇಳಿದವರಿಲ್ಲ. ಅಲ್ಲಿಯೇ ಮನೆ ಮಾಡಿಕೊಂಡಿದ್ದಾನೆ, ಕಣ್ಣಾರೆ ಕಂಡೆ ಎಂದು ಒಬ್ಬಿಬ್ಬರು ಅಂದರು. ಇವರು ಹೋಗಿ ಹುಡುಕಿದರು, ಸಿಗಲಿಲ್ಲ.

"ಅಣ್ಣ ಇರೂವಾಗ ನಾ ಹೆಂಗ ಕೂಗಲಿ ಅಂತಾರ್ರಿ ಸರು," ಅಂದ ಅವನು. "ಊರಾಗ ಎಲ್ಲಾರೂ ನಗತಾರ. ಕೂಗೋರಿಲ್ದ ಓ ಅಂತಾರ ನೋಡು ಅಂತ."

ಆಗ ನನಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಟವೆಲ್ ಹಾಸಿದ್ದು, ಅಣ್ಣ ಅನ್ನಿಸಿಕೊಳ್ಳದಿದ್ದದ್ದು, ಮದುವೆಯಾಗದಿದ್ದದ್ದು. ಬುಟ್ಟಿ ಹಿಡಿದು ಮುಂದೆ ನಡೆದರೆ ಅಣ್ಣ ಇನ್ನು ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅದಕ್ಕೇ ಕಾಲಕ್ಕೆ ಒಂದು ಆರಂಭ ಬೇಕಾಗಿತ್ತು ಅವರಿಗೆ, ಅದೂ ಹತ್ತಿರದ ಆರಂಭ. ಎಲ್ಲವೂ ಈಗಷ್ಟೇ ಶುರುವಾಗಿದ್ದರೆ ಅಣ್ಣನೂ ತಡವಾಗಿ ಬರುವವನೇ ಹೊರತು ಬಾರದವನಲ್ಲ. ಒಬ್ಬ ಮನುಷ್ಯ ಇಷ್ಟು ದೊಡ್ಡ ವಾದವನ್ನು ಇಷ್ಟು ಸಣ್ಣ ಕಾರಣಕ್ಕೆ ಹೊತ್ತುಕೊಂಡು ತಿರುಗುತ್ತಿದ್ದಾನಲ್ಲ ಎಂದು ಅನ್ನಿಸಿತು. ಕೈಯಲ್ಲಿದ್ದ ಹೋಳಿಗೆಯನ್ನು ಕೆಳಗಿಟ್ಟೆ.

ಹೊಲದಲ್ಲಿ ಕೇಳಿದ್ದನ್ನು ನಾನು ಮನೆಗೆ ತರಲಿಲ್ಲ. ಅದು ಅವರ ಸ್ವಂತದ್ದು ಎನ್ನಿಸಿ ಹೆಂಡತಿಗೂ ಹೇಳಲಿಲ್ಲ. ಕೆಲವು ವರ್ಷಗಳ ನಂತರ, ಅವರ ನಿವೃತ್ತಿ ಹತ್ತಿರವಾಗಿದ್ದಾಗ, ಒಂದು ಭಾನುವಾರ ಅವರು ನಮ್ಮಲ್ಲಿಗೆ ಊಟಕ್ಕೆ ಬಂದರು. ನನ್ನ ಹೆಂಡತಿ ತಹಶೀಲ್ದಾರ್ ಕಚೇರಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರ ಅಹವಾಲು ಕೇಳಿ ಕೇಳಿ ಎದುರಿಗಿದ್ದವರ ಮಾತಿನಲ್ಲಿ ಎಳೆ ಹಿಡಿಯುವ ಅಭ್ಯಾಸ ಅವಳಿಗೆ. ಏನೋ ಮಾತಿಗೆ ಅವರು ತಮ್ಮ ಬಸ್ ಸ್ಟ್ಯಾಂಡಿನ ವಾದವನ್ನು ಅವಳಿಗೂ ಹೇಳಿದರು. ಆಕಾಶದಿಂದ ಯಾರೂ ಬಂದಿಲ್ಲ, ಆದ್ದರಿಂದ ಕಾಲ ಇತ್ತೀಚಿನದು ಎಂದು.

ಅವಳು ಬಿಸಿ ರೊಟ್ಟಿಯನ್ನು ಅವರ ತಾಟಿಗೆ ಹಾಕುತ್ತ ಕೇಳಿಸಿಕೊಂಡಳು. "ಅಲ್ರಿ ಸರ್, ಬಸ್ಸೂ ಐತಿ, ದಾರೀನೂ ಐತಿ, ಟೈಮೂ ಬೇಕಾದಷ್ಟು ಐತಿ. ಆದ್ರ ಬರೂ ಮನಸಿಲ್ಲ ಅಂದ್ರ?"

"ಹಂಗಂದ್ರ?"

"ಬರಾಕ ಆಗದವ್ರು ಬ್ಯಾರೆ, ಬರೂ ಮನಸಿಲ್ಲದವ್ರು ಬ್ಯಾರೆ ಅಲ್ರಿ? ನಮ್ಮ ಕಾಕಾ ಇದೇ ಊರಾಗ ಅದಾನ. ನಮ್ಮ ಮನಿ ಹೊಸ್ತಿಲಾ ತುಳಿಯೂದಿಲ್ಲ. ಅದಕ್ಕ ಪಾಪ ಕಾಲ ಏನು ಮಾಡೀತ್ರಿ?"

ಅವಳು ನಗುತ್ತ ಒಳಗೆ ಹೋದಳು. ಅವರು ಮುರಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದರು. ಆಮೇಲೆ ಅದನ್ನು ತಾಟಿಗಿಟ್ಟು, "ಖರೇನ ಐತ್ರಿ. ದೊಡ್ಡ ತೂತು ಐತಿ ಅಲ್ಲಿ. ನನಗ ಹೊಳದಿರಲಿಲ್ಲ," ಅಂದರು. ಊಟ ಪೂರ್ತಿ ಮಾಡಿದರು. ಹೋಗುವಾಗ ಅವಳಿಗೆ ರೊಟ್ಟಿ ಭಾಳ ಛಲೋ ಆಗಿದ್ವು ಎಂದು ಹೇಳಿಯೇ ಹೋದರು.

ಮರುದಿನದಿಂದ ಬೆಂಚು ಖಾಲಿ. ಒಂದು ವಾರ ನೋಡಿದೆ, ಅವರು ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಕಾಲೇಜಿನಲ್ಲಿ ಪಾಠ ಎಂದಿನಂತೆ, ಆದರೆ ಬೋರ್ಡಿನ ಎಡಗಡೆಯಿಂದ ಬರೆಯಲು ಶುರು ಮಾಡಿದ್ದರು. ಕೊನೆಗೆ ನನಗೇ ಅದನ್ನು ಒರೆಸಬೇಕಾದ ಪರಿಸ್ಥಿತಿ ಬಂತು. ಡಸ್ಟರ್ ಹಿಡಿದು ನಿಂತಾಗ ಒರೆಸಲು ಮನಸ್ಸೇ ಬರಲಿಲ್ಲ.

ಖೋಲಿಗೆ ಹೋಗಿ ಕೇಳಿದೆ. ಚಹಾ ಮಾಡಿಕೊಟ್ಟರು. ಆಮೇಲೆ ಹೇಳಿದರು, "ಇಷ್ಟು ವರ್ಷ ನಾ ಕಾಲಾನ ಅಳಕೊಂತ ಕುಂತೆರಿ. ಅವನ ಮನಸ್ಸಿಂದು ಕೇಳಲೇ ಇಲ್ಲ. ದಾಳಿಂಬರಿ ತ್ವಾಟದ ಪಾಠ ಹುಡುಗುರಿಗೆ ಮಾಡಿದೆ. ಕೇಳಾಕತ್ತೋನು ಎಲ್ಲಿ ನಿಂತಾನ ನೋಡ್ರಿ ಅಂದೆ. ನಾ ಎಲ್ಲಿ ನಿಂತು ಕೇಳಾಕತ್ತೀನಿ ಅಂತ ನೋಡಲಿಲ್ಲ. ಕಾಯೋನಿಗೆ ಎಲ್ಲಾ ಲೆಕ್ಕಾನೂ ಕಾಯೂದಕ್ಕ ಹೊಂದತೈತಿ."

ಅವರ ಮುಂದೆ ಕುಳಿತು ಆ ಮಾತು ಕೇಳುವುದು ನನಗೆ ಬಹಳ ಕಷ್ಟವಾಯಿತು. ವಾದದಲ್ಲಿ ಗೆದ್ದವರನ್ನೂ ಸೋತವರನ್ನೂ ಕಂಡಿದ್ದೇನೆ. ತಮ್ಮದೇ ವಾದವನ್ನು ತಾವೇ ಕಳಚಿಟ್ಟು ಅದರ ಪಕ್ಕದಲ್ಲಿ ಒಬ್ಬರೇ ಕೂತವರನ್ನು ಅವತ್ತೇ ಕಂಡದ್ದು.

ನಿವೃತ್ತರಾದ ವರ್ಷ ಎಳ್ಳಮವಾಸ್ಯೆಯ ಹಿಂದಿನ ದಿನ ಮನೆಗೆ ಬಂದು ಬಾಗಿಲಲ್ಲೇ ನಿಂತು, "ನಾಳೆ ಹೊಲಕ್ಕ ಬರ್ರಿ," ಅಂದರು. ಬಂದೇ ಬರಬೇಕು ಎನ್ನುವ ದನಿ. ಹೋದೆ. ಬಿಳಿಜೋಳ ಎದೆಮಟ್ಟ ಬೆಳೆದಿತ್ತು, ಅದರ ನಡುವೆ ಕುಸುಬೆಯ ಸಾಲು. ಪೂಜೆ ಮುಗಿಯಿತು. ಪಾಲಿನವನು ಎಂದಿನಂತೆ ಬುಟ್ಟಿಗೆ ಕೈ ಹಾಕಿದ. ಇವರು ಅವನ ಕೈಯಿಂದ ಬುಟ್ಟಿ ತೆಗೆದುಕೊಂಡರು. ಚರಿಗೆಯನ್ನು ಎತ್ತಿ ನನ್ನ ಕೈಯಲ್ಲಿಟ್ಟರು. ಮುಂದೆ ನಡೆದರು.

ಬದುವಿನ ಮೂಲೆಯಲ್ಲಿ ನಿಂತು ಒಂದು ಹಿಡಿ ಚೆಲ್ಲಿದರು. "ಹುಲ್ಲುಲ್ಲಿಗ್ಯೋ," ಅಂದರು. ದನಿ ಸರಿಯಾಗಿ ಏಳಲಿಲ್ಲ. ಇನ್ನೊಮ್ಮೆ ಕೂಗಿದರು. ಈ ಸಲ ಆಚೆ ಹೊಲದವರು ತಿರುಗಿ ನೋಡುವಷ್ಟು ಜೋರಾಗಿ.

ಒಮ್ಮೆ ಬೇಡ ಅಂದಿದ್ದರಲ್ಲ, ಈಗ ಓ ಅನ್ನಬಹುದೋ ಬಾರದೋ ಎಂಬ ಅನುಮಾನ ನನಗೆ. ಚರಿಗೆ ಹಿಡಿದು ನಿಂತೇ ಇದ್ದೆ. ಅವರು ತಿರುಗಿ ನೋಡಲಿಲ್ಲ, ನೋಡುವಂತಿರಲಿಲ್ಲ. ಬೆನ್ನು ಹಾಕಿಕೊಂಡೇ ನಿಂತು ಕಾದರು. ಆಮೇಲೆ ಮೆಲ್ಲಗೆ ಹೇಳಿದರು.

"ಓ ಅನ್ನೋ ತಮ್ಮಾ."

ಅಷ್ಟು ವರ್ಷ ನನ್ನನ್ನು ರಿ ಹಚ್ಚದೆ ಮಾತಾಡಿಸಿದವರಲ್ಲ ಅವರು. ನಾನು ನೀರು ಚೆಲ್ಲಿ, "ಚಲ್ಲಂಬ್ರಿಗ್ಯೋ" ಅಂದೆ. ಅವರು ಮುಂದಕ್ಕೆ ಹೆಜ್ಜೆ ಇಟ್ಟರು. ಹೊಲದ ನಾಲ್ಕೂ ಬದಿ ಹಾಗೆ ನಡೆದೆವು. 

ಊಟದ ಹೊತ್ತಿಗೆ ಅವರ ಮುಖ ತಿಳಿಯಾಗಿತ್ತು. ಪುಂಡಿಪಲ್ಯ ನನ್ನ ಕಡೆ ಸರಿಸುತ್ತ ಅಂದರು, "ಕಾಲಕ್ಕ ಸುರುವು ಐತೋ ಇಲ್ಲೋ ನನಗ ಈಗೂ ಗೊತ್ತಿಲ್ಲ. ಆದ್ರ ಯಾರರ ಒಬ್ರು ಮೊದಲ ಕೂಗಬೇಕಾಗತೈತಿ ನೋಡ್ರಿ." ಮತ್ತೆ ರಿ ಬಂದಿತ್ತು. ನಾನು ಆ ರಿ ಬೇಡ ಅನ್ನಲಿಲ್ಲ, ಅನ್ನಬೇಕೆನ್ನಿಸಿತ್ತು.

ಮುಂದಿನ ಶ್ರಾವಣದಲ್ಲಿ ಖೋಲಿಯ ಮಾಲೀಕರು ಬೆಳಿಗ್ಗೆ ಫೋನು ಮಾಡಿದರು. ಹಾಲಿನವನು ಕೂಗಿದರೂ ಬಾಗಿಲು ತೆರೆದಿರಲಿಲ್ಲವಂತೆ. ಊರಿಗೆ ಒಯ್ದು ಅದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಹಿರಿಯರೊಬ್ಬರು ಸುತ್ತ ನೋಡಿ, "ಅಣ್ಣತಮ್ಮರು ಅಂತ ಯಾರದಾರ? ಬರ್ರಿ, ಮಣ್ಣು ಹಾಕ್ರಿ," ಅಂದರು. ನಾನು ಮುಂದೆ ಬಂದು ಬಗ್ಗಿ ಒಂದು ಹಿಡಿ ಎರೆಮಣ್ಣು ಹಾಕಿದೆ. ನೀವೇನಾಗಬೇಕು ಎಂದು ಯಾರೂ ಕೇಳಲಿಲ್ಲ.

ಈಗ ಸ್ಟಾಫ್ ರೂಮಿನಲ್ಲಿ ಚಹಾದ ಹೊತ್ತಿಗೆ ನನ್ನ ಮೇಜು ತಟ್ಟುವವರಿಲ್ಲ. ಅವರ ಜಾಗಕ್ಕೆ ಬಂದ ಹುಡುಗ ಒಳ್ಳೆಯವನು, ಪಾಠ ಮುಗಿಸಿ ಬೋರ್ಡನ್ನು ಚೊಕ್ಕಟ ಒರೆಸಿ ಹೋಗುತ್ತಾನೆ. ಪೂರ್ತಿ ಖಾಲಿ ಬೋರ್ಡಿನ ಮುಂದೆ ನಿಂತರೆ ಎಲ್ಲಿಂದ ಶುರು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಒಂಟಿತನ ಎನ್ನುವ ಮಾತನ್ನು ನಾನು ಸುಲಭಕ್ಕೆ ಬಳಸುವವನಲ್ಲ. ಮನೆಯಿದೆ, ಹೆಂಡತಿಯಿದ್ದಾಳೆ, ಬೇಕಾದಷ್ಟು ಜನರಿದ್ದಾರೆ. ಆದರೂ ಅದು ಅದೇ.

ಮೊನ್ನೆ ಎಳ್ಳಮವಾಸ್ಯೆ ಬಂತು. ಯಾರೂ ಕರೆದಿರಲಿಲ್ಲ, ಹೋದೆ. ಹೆಂಡತಿ ಹಿಂದಿನ ದಿನವೇ ರೊಟ್ಟಿ, ಹೋಳಿಗೆ ಮಾಡಿ ಕಟ್ಟಿಕೊಟ್ಟಿದ್ದಳು. ಅವಳಿಗೆ ಈಗ ಎಲ್ಲವೂ ಗೊತ್ತು. ಪಾಲಿನವನು ಬನ್ನಿಗಿಡದ ಕೆಳಗೆ ಕಲ್ಲಿಗೆ ಸುಣ್ಣ ಹಚ್ಚಿ ಕಾಯುತ್ತಿದ್ದ. ಪೂಜೆ ಮುಗಿಸಿ ಅವನು ಬುಟ್ಟಿಯನ್ನು ನನ್ನ ಮುಂದೆ ಹಿಡಿದ.

"ತಗೋರಿ ಸರ. ಇನ್ನ ನೀವ ಹಿರ್ಯಾರು."

ಕೈ ಚಾಚಿದೆ. ಬುಟ್ಟಿಯ ಹಿಡಿಯವರೆಗೂ ಕೈ ಹೋಯಿತು. ಹಿಡಿಯಲು ಆಗಲಿಲ್ಲ. ಬಗ್ಗಿ ನೆಲದ ಮೇಲಿದ್ದ ಚರಿಗೆ ತೆಗೆದುಕೊಂಡೆ.

ಅವನು ನನ್ನ ಮುಖ ನೋಡಿದ. ಎಷ್ಟೋ ವರ್ಷ ಮಾಡಿದ ಕೆಲಸ, ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಬುಟ್ಟಿ ಸೊಂಟಕ್ಕಿಟ್ಟುಕೊಂಡು ತುಟಿ ಬಿಚ್ಚದೆ ಮುಂದೆ ನಡೆದ. ಬದುವಿನ ಮೂಲೆಯಲ್ಲಿ, ನಾವು ಮಣ್ಣು ಮಾಡಿದ ಜಾಗದ ಹತ್ತಿರ, ನಿಂತು ಒಂದು ಹಿಡಿ ಚೆಲ್ಲಿದ. ಸುತ್ತಲಿನ ಹೊಲಗಳಿಂದ ಬೇರೆಯವರ ಕೂಗು ಬರುತ್ತಿತ್ತು. ನಮ್ಮಲ್ಲಿ ಯಾರೂ ಕೂಗಲಿಲ್ಲ. ನಾನು ಒಂದು ಕ್ಷಣ ಕಾದೆ.

ಆಮೇಲೆ ನೀರು ಚೆಲ್ಲಿ, ಓಗೊಟ್ಟೆ.